ಗೆಲ್ಲದ ತಂಡದ ಅಭಿಮಾನಿ

‘ಅಭಿಮಾನ’ ಎಂಬ ಶಬ್ದಕ್ಕೆ ನಮ್ಮ ನುಡಿಯಲ್ಲಿ ಎರಡು ಮುಖಗಳುಂಟು. ಶಾಸ್ತ್ರಗ್ರಂಥಗಳನ್ನು ಓದಿದವರಿಗೆ ಅದು ‘ನಾನು, ನನ್ನದು’ ಎಂಬ ಅಂಟನ್ನು ಸೂಚಿಸುವ ಮಾತು, ಬಿಡಬೇಕಾದ ವಸ್ತು. ಬಳಕೆಯ ಕನ್ನಡದಲ್ಲಿ ಅದು ಪ್ರೀತಿ, ಗೌರವ, ಹೆಮ್ಮೆ ಮೂರೂ ಬೆರೆತ ಸದ್ಭಾವ, ಇರಬೇಕಾದ ವಸ್ತು. ಒಂದೇ ಶಬ್ದವು ಬಿಡಬೇಕಾದುದನ್ನೂ ಇರಬೇಕಾದುದನ್ನೂ ಹೇಗೆ ಹೊತ್ತುಕೊಂಡಿದೆ ಎಂಬುದು ನಮ್ಮನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ಅದಕ್ಕೆ ಸ್ವಲ್ಪ ಮಟ್ಟಿನ ಉತ್ತರವು ದೊರೆತದ್ದು ಯಾವ ಗ್ರಂಥದಲ್ಲಿಯೂ ಅಲ್ಲ, ಸಾವಿರಾರು ಮೈಲಿ ದೂರದ ಅಮೆರಿಕದ ಕಾಲೇಜು ಹುಡುಗ ಹುಡುಗಿಯರ ಚೆಂಡಾಟದಲ್ಲಿ ಎಂದರೆ ಓದುಗರು ನಗಬಹುದು. ನಗಲಿ, ಆದರೆ ಕೊನೆಯವರೆಗೆ ಓದಲಿ.

ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಆ ದೇಶದಲ್ಲಿ ನೆಲೆಸಿದ್ದಾರೆ. ಮೊಮ್ಮಗನು ಫೋನಿನಲ್ಲಿ ‘ಬೇಸ್‌ಬಾಲ್’ ಎಂದಾಗ, ಮೊಮ್ಮಗಳು ‘ಸಾಫ್ಟ್‌ಬಾಲ್’ ಎಂದಾಗ, ಅಜ್ಜ ಅಜ್ಜಿಯರು ಕ್ರಿಕೆಟ್ಟಿನಂಥದೇ ಏನೋ ಇರಬೇಕೆಂದುಕೊಂಡು ‘ಹೂಂ’ ಎನ್ನುತ್ತಾರೆ. ಆ ‘ಹೂಂ’ ಎಂಬ ಮಾತಿಗೆ ಒಂದಿಷ್ಟು ಅರ್ಥ ತುಂಬೋಣ ಎಂಬುದೂ ಈ ಬರಹದ ಒಂದು ಉದ್ದೇಶ.

ಆಟದ ಸ್ವರೂಪ

ಬೇಸ್‌ಬಾಲ್ ಆಟದಲ್ಲಿ ಒಂದು ತಂಡಕ್ಕೆ ಒಂಬತ್ತು ಮಂದಿ ಕ್ಷೇತ್ರರಕ್ಷಕರು. ನಡುವೆ ನಿಂತ ಪಿಚರನು 60 ಅಡಿ 6 ಅಂಗುಲ ದೂರದಿಂದ ಚೆಂಡನ್ನೆಸೆಯುತ್ತಾನೆ. ನೆಲಕ್ಕೆ ಪುಟಿಯದೆ ಬರುವ ಆ ಚೆಂಡನ್ನು ಎದುರಾಳಿಯು ದುಂಡನೆಯ ಬ್ಯಾಟಿನಿಂದ ಹೊಡೆದು, 90 ಅಡಿಗೊಂದರಂತೆ ಇರಿಸಿದ ನಾಲ್ಕು ನೆಲೆಗಳನ್ನು ಸುತ್ತಿ ಹೊರಟಲ್ಲಿಗೇ ಮರಳಿದರೆ ಒಂದು ಓಟ. ಮೂವರು ಔಟಾದರೆ ಸರದಿ ಬದಲು. ಹೀಗೆ ಒಂಬತ್ತು ಇನ್ನಿಂಗ್ಸ್.

ಸಾಫ್ಟ್‌ಬಾಲ್ ಇದರ ತಂಗಿ. ಕಾಲೇಜುಗಳಲ್ಲಿ ಇದು ಹೆಣ್ಣುಮಕ್ಕಳ ಆಟ. ಅಂಗಳ ಕಿರಿದು, ನೆಲೆಯಿಂದ ನೆಲೆಗೆ 60 ಅಡಿ, ಪಿಚರಿನ ದೂರ 43 ಅಡಿ, ಇನ್ನಿಂಗ್ಸ್ ಏಳು. ಚೆಂಡು ಮಾತ್ರ ದೊಡ್ಡದು. ಅದರ ಸುತ್ತಳತೆ 12 ಅಂಗುಲ. ಎಸೆಯುವಾಕೆಯು ತೋಳನ್ನು ಗಾಲಿಯಂತೆ ಒಂದು ಸುತ್ತು ತಿರುಗಿಸಿ ಸೊಂಟದ ಕೆಳಗಿನಿಂದ ಚೆಂಡನ್ನು ಬಿಡುತ್ತಾಳೆ. ಹೆಸರಿನಲ್ಲಿ ಮೃದುತ್ವವಿದೆಯೆಂದು ಮೋಸಹೋಗಬಾರದು. 2025ರಲ್ಲಿ ಟೆನ್ನೆಸೀ ವಿಶ್ವವಿದ್ಯಾನಿಲಯದ ಕಾರ್ಲಿನ್ ಪಿಕೆನ್ಸ್ ಎಂಬ ತರುಣಿಯು ಗಂಟೆಗೆ 79.4 ಮೈಲಿ ವೇಗದಲ್ಲಿ ಚೆಂಡೆಸೆದು ದಾಖಲೆ ಬರೆದಳು. ಅಷ್ಟು ಹತ್ತಿರದಿಂದ ಅಷ್ಟು ವೇಗದಲ್ಲಿ ಬರುವ ಚೆಂಡನ್ನು ಕಂಡು, ನಿರ್ಧರಿಸಿ, ಹೊಡೆಯಲು ದೊರೆಯುವ ಅವಕಾಶ ಅರ್ಧ ಸೆಕೆಂಡಿಗಿಂತಲೂ ಕಡಿಮೆ. ರೆಪ್ಪೆ ಬಡಿದವಳು ಸೋತಳೆಂದೇ ತಿಳಿಯಬೇಕು.

ಇವುಗಳ ಚರಿತ್ರೆಯೂ ಕುತೂಹಲಕರವಾದುದು. ಕಾಲೇಜುಗಳ ನಡುವಣ ಮೊದಲ ಬೇಸ್‌ಬಾಲ್ ಪಂದ್ಯವು 1859ರ ಜುಲೈ 1ರಂದು ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡ್ ಎಂಬಲ್ಲಿ ನಡೆಯಿತು. ಆಮ್‌ಹರ್ಸ್ಟ್ ಕಾಲೇಜು ವಿಲಿಯಮ್ಸ್ ಕಾಲೇಜನ್ನು 73-32ರಿಂದ ಸೋಲಿಸಿತು. ಸಾಫ್ಟ್‌ಬಾಲ್ ಹುಟ್ಟಿದ್ದು 1887ರಲ್ಲಿ, ಷಿಕಾಗೋ ನಗರದ ಒಂದು ದೋಣಿವಿಹಾರ ಸಂಘದ ಕಟ್ಟಡದೊಳಗೆ. ಕಾಲೇಜುಗಳ ಹೆಣ್ಣುಮಕ್ಕಳಿಗೆ ಮಾತ್ರ ಸಮಾನ ಅವಕಾಶಕ್ಕಾಗಿ 1972ರ ಕಾನೂನು ಬರುವವರೆಗೆ ಕಾಯಬೇಕಾಯಿತು. ಶಿಕ್ಷಣಸಂಸ್ಥೆಗಳಲ್ಲಿ ಲಿಂಗಭೇದ ಮಾಡಲಾಗದೆಂದು ಸಾರಿದ ಆ ಕಾನೂನು ಬಂದು ಹತ್ತು ವರ್ಷಗಳ ಮೇಲೆ, 1982ರಲ್ಲಿ, ರಾಷ್ಟ್ರೀಯ ಕಾಲೇಜು ಕ್ರೀಡಾಸಂಘವು ಸಾಫ್ಟ್‌ಬಾಲಿಗೂ ಚಾಂಪಿಯನ್ ಪಟ್ಟವನ್ನು ಏರ್ಪಡಿಸಿತು. ಗಂಡುಮಕ್ಕಳ ಬೇಸ್‌ಬಾಲಿಗೆ ಆ ಮನ್ನಣೆಯು 1947ರಲ್ಲಿಯೇ ದೊರೆತಿತ್ತು. ನಡುವಣ ಮೂವತ್ತೈದು ವರ್ಷಗಳನ್ನು ಓದುಗರೇ ಎಣಿಸಿಕೊಳ್ಳಲಿ.

ಫಾಯೆಟ್‌ವಿಲ್ಲಿನ ಒಬ್ಬ ಅಭಿಮಾನಿ

ಇನ್ನು ನಮ್ಮ ವಿಷಯಕ್ಕೆ ಬರೋಣ. ಅಮೆರಿಕದ ದಕ್ಷಿಣ ಭಾಗದಲ್ಲಿ ಅರ್ಕನ್ಸಾ ಎಂಬ ರಾಜ್ಯವಿದೆ. ಅಲ್ಲಿ ಅತ್ಯುನ್ನತ ದರ್ಜೆಯ ವೃತ್ತಿಪರ ತಂಡ ಯಾವುದೂ ಇಲ್ಲ. ಆದುದರಿಂದ ಫಾಯೆಟ್‌ವಿಲ್ ಎಂಬ ಗುಡ್ಡಗಾಡಿನ ಊರಿನಲ್ಲಿರುವ ರಾಜ್ಯ ವಿಶ್ವವಿದ್ಯಾನಿಲಯದ ತಂಡವೇ ಇಡೀ ರಾಜ್ಯದ ತಂಡ. ಅದರ ಲಾಂಛನ ಕಾಡುಹಂದಿ. ಪಂದ್ಯದ ವೇಳೆ ಮುದುಕರು, ಮಕ್ಕಳು, ಪ್ರಾಧ್ಯಾಪಕರು, ರೈತರು ಎಲ್ಲರೂ ಎರಡೂ ಕೈಗಳನ್ನು ಮೇಲೆತ್ತಿ, ಹಂದಿ ಸಾಕುವವರು ಹಂದಿಗಳನ್ನು ಕರೆಯುವ ರಾಗದಲ್ಲಿ ಒಟ್ಟಿಗೆ ಕೂಗುತ್ತಾರೆ.

ಅಂಥವರಲ್ಲಿ ಒಬ್ಬಾಕೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ನಿವೃತ್ತ ಶಾಲಾ ಉಪಾಧ್ಯಾಯಿನಿ, ನಮ್ಮ ವಯಸ್ಸಿನವರು. ಹೆಸರು ಬೇಡ, ಅಂಥವರು ಆ ರಾಜ್ಯದಲ್ಲಿ ಅಸಂಖ್ಯರು. ಇನ್ನೂ ಚಳಿ ಬಿಡದ ಫೆಬ್ರವರಿಯ ಮೊದಲ ವಾರದಲ್ಲಿ ಸಾಫ್ಟ್‌ಬಾಲ್ ಋತು ತೊಡಗುತ್ತದೆ. ಒಂದು ವಾರ ಕಳೆದು ಬೇಸ್‌ಬಾಲ್. ಆಕೆ ಕಂಬಳಿ ಹೊದ್ದು, ಬಿಸಿ ಕಾಫಿಯ ಫ್ಲಾಸ್ಕಿನೊಡನೆ ಹೋಗಿ ಕುಳಿತುಕೊಳ್ಳುತ್ತಾರೆ. ತೊಡೆಯ ಮೇಲೆ ಅಂಕಪುಸ್ತಕ, ಕೈಯಲ್ಲಿ ಪೆನ್ಸಿಲು. ಪಿಚರಿಗೆ 1, ಕ್ಯಾಚರಿಗೆ 2 ಎಂದು ಒಂಬತ್ತು ಸ್ಥಾನಗಳಿಗೂ ಅಂಕಿಗಳಿವೆ. ಯಾರು ಹಿಡಿದರು, ಯಾರಿಗೆ ಎಸೆದರು ಎಂಬುದನ್ನೆಲ್ಲ ಆ ಅಂಕಿಗಳಲ್ಲೇ ಬರೆದುಕೊಳ್ಳುವುದು ಹಳೆಯ ಅಭಿಮಾನಿಗಳ ಪದ್ಧತಿ. ಲೋಹದ ಬ್ಯಾಟಿಗೆ ಚೆಂಡು ತಾಗಿದಾಗ ಹೊಮ್ಮುವ ‘ಟಣ್’ ಎಂಬ ನಾದವೇ ಆಕೆಗೆ ವಸಂತದ ಮುನ್ಸೂಚನೆ.

ಪ್ರತಿಯೊಂದು ತಂಡಕ್ಕೂ ಋತುವಿನಲ್ಲಿ ಹೆಚ್ಚೆಂದರೆ 56 ಪಂದ್ಯಗಳು. ವಾರಾಂತ್ಯದಲ್ಲಿ ಒಂದೇ ಎದುರಾಳಿಯೊಡನೆ ಮೂರು ದಿನ ಮೂರು ಪಂದ್ಯ. ವಾರದ ನಡುವೆ ಒಂದೋ ಎರಡೋ. ಮೊದಲ ದಿನಕ್ಕೆ ಅತ್ಯುತ್ತಮ ಪಿಚರ್. ಫೆಬ್ರವರಿ ಕಳೆದು, ಮರಗಳು ಚಿಗುರುವ ಏಪ್ರಿಲ್ ಕಳೆದು, ಮೇ ತಿಂಗಳು ಬಂದಾಗ ಆ ಪುಸ್ತಕದ ಹಾಳೆಗಳು ಬಹುಮಟ್ಟಿಗೆ ತುಂಬಿರುತ್ತವೆ. ಆಗ ಎರಡು ಆಟಗಳಲ್ಲಿಯೂ 64 ತಂಡಗಳನ್ನು ಆರಿಸಿ, ನಾಲ್ಕು ನಾಲ್ಕರಂತೆ 16 ಊರುಗಳಿಗೆ ಹಂಚುತ್ತಾರೆ. ನಿಯಮವೇನೆಂದರೆ, ಒಮ್ಮೆ ಸೋತವರಿಗೆ ಇನ್ನೊಂದು ಅವಕಾಶ. ಎರಡು ಸಲ ಸೋತವರಿಗೆ ಮನೆಯ ದಾರಿ. ಉಳಿದ 16 ತಂಡಗಳು ಇಬ್ಬಿಬ್ಬರಾಗಿ ಸೆಣಸಿ 8 ಆಗುತ್ತವೆ. ಆ ಎಂಟು ಮಹಿಳಾ ತಂಡಗಳು ಒಕ್ಲಹೋಮ ನಗರಕ್ಕೂ, ಎಂಟು ಪುರುಷ ತಂಡಗಳು ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರಕ್ಕೂ ಹೋಗುತ್ತವೆ. 1950ರಿಂದ ಬೇಸ್‌ಬಾಲಿನ ಕೊನೆಯ ಘಟ್ಟವು ಒಮಾಹಾದಲ್ಲಿಯೇ ನಡೆಯುತ್ತ ಬಂದಿರುವುದರಿಂದ, ‘ಒಮಾಹಾ’ ಎಂಬುದು ಆ ಆಟಗಾರರಿಗೆ ಊರಿನ ಹೆಸರಾಗಿ ಉಳಿದಿಲ್ಲ. ಜೀವನದ ಒಂದು ಗುರಿಯ ಹೆಸರಾಗಿದೆ.

ಅರ್ಕನ್ಸಾದ ಬೇಸ್‌ಬಾಲ್ ತಂಡವು ಒಮಾಹಾಕ್ಕೆ ಹಲವು ಬಾರಿ ಹೋಗಿದೆ. ಆದರೆ 2025ರ ಋತು ಮುಗಿಯುವವರೆಗೆ ಒಮ್ಮೆಯೂ ಪಟ್ಟ ಗೆದ್ದಿರಲಿಲ್ಲ. 1979ರಲ್ಲಿ ಕೊನೆಯ ಪಂದ್ಯದಲ್ಲಿ ಸೋಲು. 2018ರಲ್ಲಂತೂ ಪಟ್ಟವು ಅಂಗೈಗೆ ಬಂದು ಜಾರಿತು. ಮೂರು ಪಂದ್ಯಗಳ ಅಂತಿಮದಲ್ಲಿ ಮೊದಲನೆಯದನ್ನು ಗೆದ್ದಿದ್ದರು. ಎರಡನೆಯದರಲ್ಲಿ ಒಂಬತ್ತನೆಯ ಇನ್ನಿಂಗ್ಸಿನಲ್ಲಿ 3-2ರ ಮುನ್ನಡೆ. ಇನ್ನೊಬ್ಬನು ಔಟಾದರೆ ಸಾಕು. ಚೆಂಡು ಗಗನಕ್ಕೆ ನೆಗೆದು ಪಕ್ಕಕ್ಕೆ ಬಂತು. ಮೂವರು ಓಡಿದರು. ನೀನು ಹಿಡಿಯುವೆ, ನಾನು ಹಿಡಿಯುವೆ ಎಂಬ ಸಂಶಯದಲ್ಲಿ ಚೆಂಡು ಮೂವರ ನಡುವೆ ನೆಲಕ್ಕೆ ಬಿತ್ತು. ಬದುಕಿಕೊಂಡ ಆರೆಗಾನ್ ಸ್ಟೇಟ್ ತಂಡವು ಆ ಪಂದ್ಯವನ್ನೂ ಮರುದಿನದ ಪಂದ್ಯವನ್ನೂ ಗೆದ್ದು ಪಟ್ಟವನ್ನೊಯ್ದಿತು. ಆ ಹಾಳೆಯನ್ನು ನಮ್ಮ ಉಪಾಧ್ಯಾಯಿನಿ ಹರಿದು ಎಸೆಯಲಿಲ್ಲವೆಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಅಭಿಮಾನಿಯಾದವರು ಹಾಳೆ ಹರಿಯುವುದಿಲ್ಲ.

2025ರ ಋತು

ಆ ವರ್ಷ ಎರಡು ತಂಡಗಳೂ ಬಲಿಷ್ಠವಾಗಿದ್ದವು. ಸಾಫ್ಟ್‌ಬಾಲ್ ತಂಡದ ಬ್ರೀ ಎಲ್ಲಿಸ್ ಎಂಬಾಕೆಯು ರಾಷ್ಟ್ರದ ಆ ವರ್ಷದ ಶ್ರೇಷ್ಠ ಕಾಲೇಜು ಆಟಗಾರ್ತಿ ಎಂಬ ಗೌರವಕ್ಕೆ ಪಾತ್ರಳಾದಳು. ಅರ್ಕನ್ಸಾದ ಹೆಣ್ಣುಮಕ್ಕಳು ಅಲ್ಲಿಯವರೆಗೆ ಒಮ್ಮೆಯೂ ಒಕ್ಲಹೋಮ ನಗರದ ಕಣ ತುಳಿದವರಲ್ಲ. ಮೇ ತಿಂಗಳ ಕೊನೆಗೆ ಕೇವಲ ಒಂದು ಮೆಟ್ಟಿಲು ಉಳಿದಿತ್ತು. ಅದೂ ತಮ್ಮದೇ ಊರಿನ ಅಂಗಳದಲ್ಲಿ. ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ಹುಡುಗಿಯರು ಬಂದು ಮೂರರಲ್ಲಿ ಎರಡು ಪಂದ್ಯಗಳನ್ನು ಗೆದ್ದು, ತಾವೇ ಮೊದಲ ಬಾರಿಗೆ ಆ ನಗರಕ್ಕೆ ಹೊರಟುಹೋದರು.

ಇಲ್ಲಿ ಅಭಿಮಾನಿಯ ಮೊದಲ ಪರೀಕ್ಷೆ. ತನ್ನ ತಂಡ ಹೊರಬಿದ್ದ ಮೇಲೆ ಆಟವನ್ನು ನೋಡುವುದೇ ಬಿಡುವುದೇ? ನೋಡದಿದ್ದವರು ಕಳೆದುಕೊಂಡದ್ದು ಅಲ್ಪವಲ್ಲ. 2021ರಿಂದ 2024ರವರೆಗೆ ಸತತವಾಗಿ ನಾಲ್ಕು ಬಾರಿ ಪಟ್ಟವೇರಿದ್ದ ಒಕ್ಲಹೋಮ ತಂಡವನ್ನು, ಅಲ್ಲಿಗೆ ಮೊದಲ ಬಾರಿಗೆ ಬಂದಿದ್ದ ಟೆಕ್ಸಾಸ್ ಟೆಕ್ ತಂಡವು 3-2ರಿಂದ ಸೋಲಿಸಿ ಆ ಆಳ್ವಿಕೆಗೆ ತೆರೆಯೆಳೆಯಿತು. ಆ ತಂಡದ ಪಿಚರ್ ನಿಜರೀ ಕೆನಡಿ ಒಬ್ಬಳೇ ಪಂದ್ಯದಿಂದ ಪಂದ್ಯಕ್ಕೆ ಎಸೆಯುತ್ತ ತಂಡವನ್ನು ಅಂತಿಮದ ಮೂರನೆಯ ದಿನದವರೆಗೆ ಹೊತ್ತು ತಂದಳು. ಜೂನ್ 6ರಂದು ಆ ತೋಳು ಸೋತಿತು. ಮೊದಲ ಇನ್ನಿಂಗ್ಸಿನಲ್ಲಿಯೇ ಐದು ಓಟಗಳು ಹೋದವು. ಟೆಕ್ಸಾಸ್ ವಿಶ್ವವಿದ್ಯಾನಿಲಯವು 10-4ರಿಂದ ಗೆದ್ದಿತು. 2022ರಲ್ಲಿಯೂ 2024ರಲ್ಲಿಯೂ ಅಂತಿಮದಲ್ಲಿ ಸೋತು ಮರಳಿದ್ದ ಟೆಕ್ಸಾಸಿಗೆ ಅದೇ ಮೊದಲ ಪಟ್ಟ. ಅವರ ಪರವಾಗಿ ನಾಲ್ಕು ಓಟಗಳ ಹೊಡೆತ ಹೊಡೆದ ಮಿಯಾ ಸ್ಕಾಟ್ ಎಂಬ ಹುಡುಗಿಯ ಮೊಣಕಾಲಿನ ಒಳಗಟ್ಟು ಹರಿದಿತ್ತೆಂಬುದು ಆಮೇಲೆ ಬೆಳಕಿಗೆ ಬಂತು. ಗೆದ್ದವರ ಹಿಂದೆಯೂ ಎರಡು ಸೋಲು, ಒಂದು ಗಾಯ. ಎದುರಾಳಿಯ ಈ ಶ್ರಮವನ್ನು ಕಂಡು ಚಪ್ಪಾಳೆ ತಟ್ಟಬಲ್ಲವರ ಅಭಿಮಾನವು ‘ನನ್ನದು’ ಎಂಬ ಬೇಲಿಯನ್ನು ದಾಟಿತೆಂದೇ ತಿಳಿಯಬೇಕು.

ಆ ವೇಳೆಗೆ ಅರ್ಕನ್ಸಾದ ಗಂಡುಮಕ್ಕಳು ಹಿಂದಿನ ವರ್ಷದ ಚಾಂಪಿಯನ್ನರಾದ ಟೆನ್ನೆಸೀ ತಂಡವನ್ನು ಫಾಯೆಟ್‌ವಿಲ್ಲಿನಲ್ಲಿಯೇ ಮಣಿಸಿ ಒಮಾಹಾಕ್ಕೆ ಸಾಗಿದ್ದರು. ಅಲ್ಲಿ ಮೊದಲ ಪಂದ್ಯದಲ್ಲಿ ಲೂಯಿಸಿಯಾನ ಸ್ಟೇಟ್ ತಂಡಕ್ಕೆ ಸೋತರು. ಇನ್ನೊಂದು ಸೋತರೆ ಮನೆಯ ದಾರಿ. ಜೂನ್ 16ರಂದು ಮರ್ರಿ ಸ್ಟೇಟ್ ಎಂಬ ಸಣ್ಣ ವಿಶ್ವವಿದ್ಯಾನಿಲಯದ ತಂಡದೆದುರು ಚೆಂಡೆಸೆಯಲು ನಿಂತವನು ಗೇಜ್ ವುಡ್. ಭುಜದ ನೋವಿನಿಂದ ಆ ಋತುವಿನ ಹಲವು ವಾರಗಳನ್ನು ಹೊರಗೆ ಕಳೆದಿದ್ದ ಹುಡುಗ. ಅಂದು ಅವನು ಒಂಬತ್ತು ಇನ್ನಿಂಗ್ಸ್ ಎಸೆದ. ಎದುರಾಳಿಗೆ ಒಂದೇ ಒಂದು ಸಫಲ ಹೊಡೆತವನ್ನೂ ಕೊಡಲಿಲ್ಲ. ಹತ್ತೊಂಬತ್ತು ಮಂದಿ ಬ್ಯಾಟು ಬೀಸಿಯೂ ಬೀಸದೆಯೂ ಮರಳಿದರು. ಒಮಾಹಾದಲ್ಲಿ ಅಂಥದೊಂದು ಪಂದ್ಯ ನಡೆದು 65 ವರ್ಷಗಳಾಗಿದ್ದವು. ಆ ಸ್ಪರ್ಧೆಯ ಇತಿಹಾಸದಲ್ಲಿಯೇ ಅದು ಮೂರನೆಯದು.

ಎರಡು ದಿನಗಳ ಮೇಲೆ, ಜೂನ್ 18ರಂದು, ಮತ್ತೆ ಲೂಯಿಸಿಯಾನ ಸ್ಟೇಟ್. ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಅರ್ಕನ್ಸಾ 5-3ರಿಂದ ಮುಂದು. ಇಬ್ಬರು ಔಟು, ಇನ್ನೊಬ್ಬನು ಸಾಕು. ಚೆಂಡು ಎಡಭಾಗಕ್ಕೆ ನೇರವಾಗಿ ಹಾರಿತು. ಅಲ್ಲಿದ್ದ ಹುಡುಗನು ಮುಂದಕ್ಕೆ ಹೆಜ್ಜೆಯಿಟ್ಟು, ಹಿಂದಕ್ಕೆ ತಿರುಗುವಷ್ಟರಲ್ಲಿ ಕಾಲು ಜಾರಿತು. ಚೆಂಡು ಅವನನ್ನು ದಾಟಿತು. ಇಬ್ಬರು ಓಡಿಬಂದು ಅಂಕ ಸಮವಾಯಿತು. ಮುಂದಿನ ಹೊಡೆತಕ್ಕೆ ಪಂದ್ಯವೇ ಮುಗಿಯಿತು: 6-5. ಲೂಯಿಸಿಯಾನ ಸ್ಟೇಟ್ ಮುಂದೆ ಕೋಸ್ಟಲ್ ಕ್ಯಾರೊಲಿನಾ ತಂಡವನ್ನು ಎರಡು ಪಂದ್ಯಗಳಲ್ಲಿ ಸೋಲಿಸಿ ತನ್ನ ಎಂಟನೆಯ ಪಟ್ಟವನ್ನು ಪಡೆಯಿತು.

ತಪ್ಪಿನ ಲೆಕ್ಕ

ಕಾಲು ಜಾರಿದ ಆ ಹುಡುಗನ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರುವುದೆಲ್ಲವನ್ನೂ ಬರೆಯಬೇಕೆಂದಿಲ್ಲ.

ಬೇಸ್‌ಬಾಲಿನ ಅಂಕಫಲಕದ ಮೇಲೆ ಮೂರು ಅಂಕಣಗಳು ಎದ್ದು ಕಾಣುತ್ತವೆ: ಓಟಗಳೆಷ್ಟು, ಸಫಲ ಹೊಡೆತಗಳೆಷ್ಟು, ತಪ್ಪುಗಳೆಷ್ಟು. ತಪ್ಪನ್ನು ಹೀಗೆ ಊರೆಲ್ಲ ಕಾಣುವಂತೆ ದೀಪ ಹಚ್ಚಿ ಬರೆಯುವ ಆಟ ಬೇರೊಂದನ್ನು ನಾವರಿಯೆವು. ಮೊದಲ ನೋಟಕ್ಕೆ ಇದು ಕ್ರೂರವೆನಿಸುತ್ತದೆ. ಆದರೆ ಅಂಕಲೇಖಕರ ನಿಯಮಗಳನ್ನು ವಿಚಾರಿಸಿದಾಗ ನಮಗೆ ಒಂದು ಸೂಕ್ಷ್ಮ ತಿಳಿಯಿತು. ಸಾಧಾರಣ ಪ್ರಯತ್ನದಿಂದ ಆಗಬೇಕಾದುದು ಆಗದಿದ್ದರೆ ಮಾತ್ರ ಅದು ‘ತಪ್ಪು’. ಅಂದಾಜು ಕೆಟ್ಟದ್ದು ಆ ಲೆಕ್ಕಕ್ಕೆ ಬಾರದು. ಜೂನ್ 18ರ ಆ ಚೆಂಡನ್ನು ಲೇಖಕರು ಹೊಡೆದವನ ಸಫಲ ಹೊಡೆತವೆಂದೇ ದಾಖಲಿಸಿದರು. ಜಾರಿದವನ ಹೆಸರಿಗೆ ತಪ್ಪು ಬರೆಯಲಿಲ್ಲ. ಜನರ ನಾಲಗೆಗಿಂತ ಲೇಖಕನ ಪೆನ್ಸಿಲು ಹೆಚ್ಚು ದಯಾಳು! ಕೆಲವೇ ವಾರಗಳಲ್ಲಿ ಆ ಹುಡುಗನನ್ನು ಒಂದು ಪ್ರಸಿದ್ಧ ವೃತ್ತಿಪರ ತಂಡವು ಆರಿಸಿಕೊಂಡಿತೆಂಬುದನ್ನೂ ಓದುಗರು ಗಮನಿಸಬೇಕು. ಬಲ್ಲವರು ಒಂದು ಗಳಿಗೆಯನ್ನು ತೂಗಲಿಲ್ಲ. ಅವನ ಇಡೀ ಋತುವನ್ನು ತೂಗಿದರು.

ಇನ್ನೊಂದು ನಿದರ್ಶನವುಂಟು. 1947ರ ಮೊಟ್ಟಮೊದಲ ಅಂತಿಮದಲ್ಲಿ ಕ್ಯಾಲಿಫೋರ್ನಿಯಾದೆದುರು ಸೋತ ತಂಡ ಯೇಲ್ ವಿಶ್ವವಿದ್ಯಾನಿಲಯದ್ದು. ಮರುವರ್ಷವೂ ಅಂತಿಮದಲ್ಲಿ ಸೋತದ್ದು ಅದೇ ಯೇಲ್. ಎರಡೂ ವರ್ಷ ಆ ತಂಡದ ಮೊದಲ ನೆಲೆಯನ್ನು ಕಾಯುತ್ತಿದ್ದ ಎಡಗೈ ಯುವಕನ ಹೆಸರು ಜಾರ್ಜ್ ಬುಷ್. 1989ರಲ್ಲಿ ಅವರೇ ಅಮೆರಿಕದ ಅಧ್ಯಕ್ಷರಾದರು.

ಹಣ ಬಂದ ಮೇಲೆ

2025ರ ಜೂನ್ 6 ಎಂಬ ದಿನಾಂಕಕ್ಕೆ ಮತ್ತೊಂದು ಮಹತ್ವವಿದೆ. ಒಕ್ಲಹೋಮ ನಗರದಲ್ಲಿ ಹುಡುಗಿಯರು ಪಟ್ಟಕ್ಕಾಗಿ ಸೆಣಸಿದ ದಿನವೇ, ಕ್ಯಾಲಿಫೋರ್ನಿಯಾದ ನ್ಯಾಯಾಧೀಶರೊಬ್ಬರು ಒಂದು ಒಪ್ಪಂದಕ್ಕೆ ಅನುಮತಿಯಿತ್ತರು. ಅದರಂತೆ ವಿಶ್ವವಿದ್ಯಾನಿಲಯಗಳು ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ ಹಣ ಕೊಡಬಹುದಾಯಿತು; ಮೊದಲ ವರ್ಷಕ್ಕೆ ಒಂದು ಸಂಸ್ಥೆಯ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರು. ಅದಕ್ಕೆ ಮೊದಲು ಬೇಸ್‌ಬಾಲ್ ತಂಡವೊಂದಕ್ಕೆ ಇದ್ದದ್ದು 11.7 ವಿದ್ಯಾರ್ಥಿವೇತನಗಳು ಮಾತ್ರ. ಅವನ್ನೇ ತುಂಡು ಮಾಡಿ ಅನೇಕರಿಗೆ ಹಂಚುತ್ತಿದ್ದರು. ಸಾಫ್ಟ್‌ಬಾಲಿಗೆ 12. ಇನ್ನು ಆ ಮಿತಿಯಿಲ್ಲ. ತಂಡದಲ್ಲಿರಬಹುದಾದವರ ಸಂಖ್ಯೆಗೆ ಮಿತಿ ಬಂದಿತು, ಬೇಸ್‌ಬಾಲಿಗೆ 34, ಸಾಫ್ಟ್‌ಬಾಲಿಗೆ 25. ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳಿಂದ ಸಂಪಾದಿಸುವ ಹಕ್ಕನ್ನು 2021ರಿಂದಲೇ ಪಡೆದಿದ್ದರು. ನಾವು ಮೇಲೆ ಹೇಳಿದ ಕೆನಡಿ ಎಂಬಾಕೆ 2024ರಲ್ಲಿ ಸ್ಟ್ಯಾನ್‌ಫರ್ಡ್ ಬಿಟ್ಟು ಟೆಕ್ಸಾಸ್ ಟೆಕ್ ಸೇರಿದಾಗ ಅವಳಿಗೆ ದೊರೆತ ಒಪ್ಪಂದವು ಹತ್ತು ಲಕ್ಷ ಡಾಲರಿಗೂ ಮೀರಿದ್ದೆಂದು ಪತ್ರಿಕೆಗಳು ವರದಿ ಮಾಡಿದವು.

ಇದು ಒಳಿತೇ ಕೆಡುಕೇ? ಹಳೆಯ ಅಭಿಮಾನಿಗಳು ಕೊರಗುತ್ತಾರೆ: ಹುಡುಗರು ವರ್ಷಕ್ಕೊಂದು ಅಂಗಿ ತೊಡುತ್ತಾರೆ, ಯಾರನ್ನು ನಮ್ಮವರೆಂದು ತಿಳಿಯೋಣ? ಕೊರಗಿಗೆ ಕಾರಣವಿದೆ. ಆದರೆ ದಶಕಗಳ ಕಾಲ ಆಟದಿಂದ ಬಂದ ಹಣವನ್ನು ಸಂಸ್ಥೆಗಳೂ ತರಬೇತುದಾರರೂ ಉಂಡರು. ಬೆವರು ಸುರಿಸಿದವರಿಗೆ ದೊರೆತದ್ದು ವಿದ್ಯಾರ್ಥಿವೇತನದ ಒಂದು ಚೂರು. ದುಡಿದವರಿಗೆ ದುಡಿಮೆಯ ಫಲ ಸಲ್ಲಬೇಕೆಂಬುದರಲ್ಲಿ ಎರಡು ಮಾತಿಲ್ಲ. ಒಬ್ಬ ಹುಡುಗಿಯ ತೋಳಿಗೆ ಹತ್ತು ಲಕ್ಷದ ಬೆಲೆ ಬಂದಿತೆಂಬುದನ್ನು, ಹಿಂದೆ ಆ ಹುಡುಗಿಯರಿಗೆ ಆಡಲು ಅಂಗಳವೇ ಇಲ್ಲದ ಕಾಲದ ಪಕ್ಕದಲ್ಲಿಟ್ಟು ನೋಡಬೇಕು. ಆಟಗಾರನು ನಮ್ಮ ಸೊತ್ತಲ್ಲ. ‘ನಮ್ಮವನು’ ಎಂದು ಹಾರೈಸುವ ಅಧಿಕಾರ ನಮಗುಂಟು. ‘ನಮ್ಮಲ್ಲೇ ಇರು’ ಎಂದು ಕಟ್ಟಿಹಾಕುವ ಅಧಿಕಾರವಿಲ್ಲ. ಬಿಡಬೇಕಾದ ಅಭಿಮಾನ ಯಾವುದು, ಇರಬೇಕಾದ ಅಭಿಮಾನ ಯಾವುದು ಎಂಬ ಗೆರೆಯು ಇಲ್ಲಿಯೇ ಹಾಯುತ್ತದೆ. ಹಿಡಿದುಕೊಳ್ಳುವುದು ಮೊದಲನೆಯದು, ಜೊತೆಗಿರುವುದು ಎರಡನೆಯದು.

ನಮ್ಮ ಮನೆಗಳಿಗೆ

ಈ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆ. ವರ್ಷವಿಡೀ ಓದಿದ ಮಗನು ಒಂದು ಪತ್ರಿಕೆಯಲ್ಲಿ ಎಡವಿದರೆ ಆ ಒಂದು ಅಂಕವನ್ನೇ ಹತ್ತು ವರ್ಷ ಎತ್ತಿ ಆಡುವ ಹಿರಿಯರಿದ್ದಾರೆ. ಫಲಿತಾಂಶದ ದಿನ ಮಾತು ಬಿಡುವ ತಂದೆಯರಿದ್ದಾರೆ. ಮಗಳ ಆಟಕ್ಕೆ ‘ಸಾಕು, ಒಳಗೆ ಬಾ’ ಎಂದು, ಮಗನ ಆಟಕ್ಕೆ ಹೊಸ ಬ್ಯಾಟು ತರುವ ಮನೆಗಳೂ ಇಲ್ಲದಿಲ್ಲ. ಇವರೆಲ್ಲರಿಗೂ ಮಕ್ಕಳ ಮೇಲೆ ಅಭಿಮಾನವಿಲ್ಲವೆಂದು ನಾವು ಹೇಳಲಾರೆವು. ಯಾವ ಬಗೆಯ ಅಭಿಮಾನ ಎಂದಷ್ಟೇ ಕೇಳುತ್ತೇವೆ. ಗೆದ್ದಾಗ ಹೆಗಲ ಮೇಲೆ ಹೊರುವುದು ಸುಲಭ. ಜಾರಿ ಬಿದ್ದವನು ಮನೆಗೆ ಬಂದಾಗ ಬಾಗಿಲು ತೆರೆದಿರಬೇಕು, ಒಲೆಯ ಮೇಲೆ ಅನ್ನ ಬಿಸಿಯಾಗಿರಬೇಕು, ಯಾರೂ ಆ ಗಳಿಗೆಯ ಮಾತನ್ನೆತ್ತಬಾರದು.

ಫಾಯೆಟ್‌ವಿಲ್ಲಿನ ನಮ್ಮ ಉಪಾಧ್ಯಾಯಿನಿಯು ಜೂನ್ 18ರ ರಾತ್ರಿ ಏನು ಮಾಡಿರಬಹುದು? ಅಂಕಪುಸ್ತಕದ ಕೊನೆಯ ಚೌಕದಲ್ಲಿ ಆದದ್ದನ್ನು ಆದಂತೆಯೇ ಬರೆದು, ಪುಸ್ತಕವನ್ನು ಹಿಂದಿನ ವರ್ಷಗಳ ಪುಸ್ತಕಗಳ ಪಕ್ಕದಲ್ಲಿಟ್ಟಿರಬಹುದು. 2018ರದೂ ಅಲ್ಲಿಯೇ ಇದೆ. ಎರಡು ದಿನ ಹಿಂದಿನ, ಒಂದೂ ಹೊಡೆತವಿಲ್ಲದ ಆ ನಿರ್ಮಲವಾದ ಹಾಳೆಯೂ ಇದೆ. ಆ ಹಾಳೆಯನ್ನು ಪಡೆಯಲು ಈ ಹಾಳೆಯವರೆಗೆ ಕುಳಿತಿರಬೇಕಾಗಿತ್ತು. ಚಳಿಗಾಲ ಕಳೆಯುತ್ತದೆ. ಫೆಬ್ರವರಿ ಬರುತ್ತದೆ. ಆಕೆ ಕಂಬಳಿ ಕೊಡವಿ, ಪೆನ್ಸಿಲು ಹೆರೆದು, ಹೊಸ ಪುಸ್ತಕದ ಮೊದಲ ಹಾಳೆಯಲ್ಲಿ ಹೊಸ ಹುಡುಗ ಹುಡುಗಿಯರ ಹೆಸರುಗಳನ್ನು ಬರೆಯತೊಡಗುತ್ತಾರೆ.

ಮುಂದಿನ ಬಾರಿ ಮೊಮ್ಮಗಳು ಫೋನಿನಲ್ಲಿ ‘ಅಜ್ಜೀ, ಇವತ್ತು ಸಾಫ್ಟ್‌ಬಾಲ್ ಇತ್ತು’ ಎಂದರೆ, ‘ಗೆದ್ದೆಯಾ?’ ಎಂದು ಮೊದಲು ಕೇಳುವುದು ಬೇಡ. ‘ಚೆನ್ನಾಗಿ ಆಡಿದೆಯಾ, ಕಂದಾ?’ ಎಂದು ಕೇಳೋಣ.